ಅಪ್‌ಡೇಟ್: ಅನುಕೂಲದ ಮನೆಯಲ್ಲಿ ದೇವರಿಗಾಗಿ ಕಾಯುವುದು

ಕಾರವಾರದಲ್ಲಿ ಯಾವ ಕೊರತೆಯೂ ಇಲ್ಲದೆ ಬದುಕುವ ನಮ್ಮಂಥವರು ದೇವರಿಗಾಗಿ ಮೌನವಾಗಿ ಕಾಯುವುದನ್ನು ಹೇಗೆ ರೂಢಿಸಿಕೊಳ್ಳಬೇಕೆಂದು ಆಗಮನ ಕಾಲಕ್ಕೆ (ಕ್ರಿಸ್‌ಮಸ್‌ಗೆ ಸಿದ್ಧರಾಗುವ ವಾರಗಳಿಗೆ) ಮುಂಚೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹಿರಿಯರೊಬ್ಬರು ಸೂಚಿಸಿದಂತೆ, ನಸುಕಿನಲ್ಲಿ ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು, ದೇವರಿಗಾಗಿ ಮೌನವಾಗಿ ಕಾಯುವುದನ್ನು ಹೇಳುವ, ಬೈಬಲಿನ 62ನೆಯ ಕೀರ್ತನೆಯ ಆರಂಭವನ್ನು ನಿಧಾನವಾಗಿ ಓದಿ, ಏನನ್ನೂ ಬೇಡದೆ ಕುಳಿತುಕೊಳ್ಳುತ್ತಿದ್ದೇನೆ. ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟು ಹೋದದ್ದೇ ತಿಳಿಯುವುದಿಲ್ಲ, ಹಸಿವಾಗುವ ಮುಂಚೆಯೇ ತಿಂಡಿ ಸಿದ್ಧವಾಗಿರುತ್ತದೆ; ಹೀಗಿರುವಾಗ ಕಾಯುವ ಅಭ್ಯಾಸ ದೇಹಕ್ಕೇ ತಪ್ಪಿಹೋಗುತ್ತದೆ ಎಂಬುದು ಹಾಗೆ ಕುಳಿತಾಗಲೇ ಸ್ಪಷ್ಟವಾಯಿತು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಬಲೆಯ ಹರಕನ್ನು ಒಂದೊಂದೇ ಕಣ್ಣಾಗಿ ಹೆಣೆಯುವ ಇಲ್ಲಿನ ಬೈತಖೋಲ ಬಂದರಿನ ಮೀನುಗಾರರಿಗೆ ಕಾಯುವ ಈ ವಿದ್ಯೆ ನನಗಿಂತ ಚೆನ್ನಾಗಿ ಗೊತ್ತು (ಇದನ್ನು ಮನಃಪೂರ್ವಕವಾಗಿ ಹೇಳುತ್ತಿದ್ದೇನೆ). ಮನಸ್ಸು ಇನ್ನೂ ಅಲೆಯುತ್ತದೆ, ಆದರೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿಯೂ ಇದನ್ನು ಮುಂದುವರಿಸುತ್ತೇನೆ.