ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಎಚೆವೇರಿಯಾ ಕೊಳೆಯುತ್ತಿದೆ, ಉಳಿಸಿಕೊಳ್ಳಬಹುದೇ?

ಹಸಿರುಕಿಟಕಿ (ವಿರಾಜಪೇಟೆ)

ಬೇಸಿಗೆಯಲ್ಲಿ ಮೈಸೂರಿನ ಒಂದು ನರ್ಸರಿಯಿಂದ ಎಚೆವೇರಿಯಾ, ಜೇಡ್, ಹಾವೊರ್ಥಿಯಾ ಎಂಬ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ) ಗಿಡಗಳನ್ನು ತಂದಿದ್ದೆ. ಈ ಜಾತಿಯ ಗಿಡ ಸಾಕುವುದು ಇದೇ ಮೊದಲು. ಮಳೆ ಹಿಡಿಯುವವರೆಗೆ ಎಲ್ಲವೂ ಚೆನ್ನಾಗಿದ್ದವು. ಈಗ ಎಚೆವೇರಿಯಾದ ಕೆಳಗಿನ ಎಲೆಗಳು ಹಳದಿಗೆ ತಿರುಗಿ, ಒಳಗಿನ ನೀರು ಕಾಣುವಂತೆ ಅರೆಪಾರದರ್ಶಕವಾಗಿ, ಬೆರಳು ತಾಗಿದರೆ ಸಾಕು ಕಳಚಿ ಬೀಳುತ್ತಿವೆ. ಜೇಡ್ ಗಿಡವೂ ಎಲೆ ಉದುರಿಸಲು ಶುರುಮಾಡಿದೆ. ಹಾವೊರ್ಥಿಯಾ ಮಾತ್ರ ಏನೂ ಆಗದಂತೆ ಕೂತಿದೆ.

ವಾರಕ್ಕೊಮ್ಮೆ ನೀರು ಎಂದು ಮಾರಿದವರು ಹೇಳಿದ್ದರು. ಅಷ್ಟೇ ಹಾಕುತ್ತಿದ್ದೇನೆ, ಒಂದು ತೊಟ್ಟೂ ಹೆಚ್ಚಿಲ್ಲ. ಕುಂಡಗಳು ಜಗುಲಿಯಲ್ಲಿವೆ, ಸೂರಿನ ನೀರು ತಾಗುವುದಿಲ್ಲ. ಎಲೆಗಳ ಮೇಲೆ ಬಿಳಿ ಪುಡಿಯೂ ಇದೆ. ಅದು ಬೂಷ್ಟೇ? ಒರೆಸಿ ತೆಗೆಯಬೇಕೇ?

ಸಂತೆದಾರಿ (ಸೋಮವಾರಪೇಟೆ)

ಎಲೆ ಹಳದಿಯಾದರೆ ಸತ್ವ ಸಾಲದು ಎಂದೇ ಅರ್ಥ. ಬುಡಕ್ಕೆ ಸ್ವಲ್ಪ ಹಟ್ಟಿಗೊಬ್ಬರ ಹಾಕಿ ನೋಡಿ.

ಕಾಳುಮೆಣಸು (ನಾಪೋಕ್ಲು)

ಗೊಬ್ಬರ ಬೇಡ. ದಯವಿಟ್ಟು ಬೇಡ. ಬೇರು ಕೊಳೆಯುತ್ತಿರುವ ಗಿಡದ ಬುಡಕ್ಕೆ ಹಟ್ಟಿಗೊಬ್ಬರ ಹಾಕುವುದೆಂದರೆ ತೇವವನ್ನು ಇನ್ನಷ್ಟು ಹಿಡಿದಿಡುವುದು, ಅಷ್ಟೇ.

ಹಸಿರುಕಿಟಕಿ ಅವರೇ, ನೀವು ವಿವರಿಸಿದ್ದು ನೀರು ಹೆಚ್ಚಾದ ಲಕ್ಷಣ. ನೀರು ಕಡಿಮೆಯಾದರೆ ಎಲೆ ಸುಕ್ಕುಗಟ್ಟುತ್ತದೆ, ಕೆಳಗಿನ ಎಲೆಗಳು ಒಣಗಿ ಕಾಗದದಂತಾಗುತ್ತವೆ, ಆದರೂ ಕಾಂಡವನ್ನು ಬಿಡುವುದಿಲ್ಲ. ನೀರು ಹೆಚ್ಚಾದರೆ ಎಲೆ ಉಬ್ಬಿ, ಮೆತ್ತಗಾಗಿ, ತೊಟ್ಟಿನಲ್ಲೇ ಕಳಚಿಕೊಳ್ಳುತ್ತದೆ.

‘ಒಂದು ತೊಟ್ಟೂ ಹೆಚ್ಚಿಲ್ಲ’ ಎನ್ನುತ್ತೀರಿ, ನಂಬುತ್ತೇನೆ. ಆದರೆ ವಾರಕ್ಕೊಮ್ಮೆ ಎಂಬ ಲೆಕ್ಕ ಮೈಸೂರಿನ ಗಾಳಿಯದು. ಎಚೆವೇರಿಯಾಗಳಲ್ಲಿ ಹೆಚ್ಚಿನವು ಮೆಕ್ಸಿಕೋದ ಒಣ ಗುಡ್ಡಗಳವು. ಬಿಸಿಲಿನಲ್ಲಿ ನೀರು ಆರಿಹೋಗದಂತೆ ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುವ ಗಿಡಗಳು ಇವು. ನಮ್ಮಲ್ಲಿ ಕಕ್ಕಡ ತಿಂಗಳ ಗಾಳಿಯೇ ನೀರು. ಹಗ್ಗದ ಮೇಲಿನ ಬಟ್ಟೆಯೇ ಆರದ ಕಾಲದಲ್ಲಿ ಕುಂಡದ ಮಣ್ಣು ಆರುವುದುಂಟೇ? ಎಲೆಯಿಂದ ನೀರು ಹೊರಹೋಗದಿದ್ದರೆ ಬೇರು ಹೀರುವುದೂ ನಿಲ್ಲುತ್ತದೆ. ಹೋದ ವಾರದ ನೀರು ಹಾಗೇ ಇರುತ್ತದೆ, ಅದರ ಮೇಲೆ ಈ ವಾರದ್ದು. ಮಣ್ಣಿನ ಸಂದುಗಳಲ್ಲಿ ಗಾಳಿ ಇಲ್ಲದೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಕೊಳೆ ಹತ್ತುತ್ತದೆ. ಮೆಣಸಿನ ಬಳ್ಳಿಯ ಸೊರಗು ರೋಗ ಕಂಡವರಿಗೆ ಇದು ಹೊಸ ವಿಷಯವಲ್ಲ.

ಬಿಳಿ ಪುಡಿಯನ್ನು ಮುಟ್ಟಬೇಡಿ. ಎಲೆಯ ಮೇಲೆಲ್ಲ ಸಮನಾಗಿ, ಬೂದಿ ಬಳಿದ ಹಾಗೆ ಇದ್ದರೆ ಅದು ಗಿಡವೇ ತಯಾರಿಸಿಕೊಂಡ ಮೇಣ, ಬಿಸಿಲಿನಿಂದ ಕಾಪಾಡುವಂಥದ್ದು. ಒಮ್ಮೆ ಒರೆಸಿದರೆ ಆ ಎಲೆಯಲ್ಲಿ ಬೆರಳಿನ ಗುರುತು ಉಳಿದುಬಿಡುತ್ತದೆ. ಎಲೆಯ ಸಂದಿನಲ್ಲಿ ಹತ್ತಿಯ ಉಂಡೆಯಂತೆ ಅಲ್ಲಲ್ಲಿ ಇದ್ದು, ಇರುವೆಗಳೂ ಓಡಾಡುತ್ತಿದ್ದರೆ ಮಾತ್ರ ಹಿಟ್ಟು ತಿಗಣೆ. ಕಾಫಿ ತೋಟದಲ್ಲಿ ಬರುವ ಸಂಸಾರವೇ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿದರೆ ಸಾಯುತ್ತದೆ.

ಈಗ ನೀವು ಹೇಳಬೇಕಾದ್ದು: ಜಗುಲಿ ಯಾವ ದಿಕ್ಕಿಗಿದೆ? ಕುಂಡದ ತಳದಲ್ಲಿ ತೂತು ಇದೆಯೇ? ಮಣ್ಣು ಯಾವುದು?

ಹಸಿರುಕಿಟಕಿ (ವಿರಾಜಪೇಟೆ)

ಜಗುಲಿ ಪಡುವಣಕ್ಕಿದೆ. ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಹಾಗೆಯೇ ಪಿಂಗಾಣಿ ಕುಂಡದೊಳಗೆ ಇಳಿಸಿದ್ದೇನೆ, ಪಿಂಗಾಣಿಗೆ ತೂತಿಲ್ಲ. ಮಣ್ಣು ನರ್ಸರಿಯದ್ದೇ, ಕಂದು ಬಣ್ಣದ ನಾರುನಾರು. ತಿಗಣೆ ಇಲ್ಲ, ಪುಡಿ ಸಮನಾಗಿಯೇ ಇದೆ.

ಮಂಜಿನೂರು (ಮಡಿಕೇರಿ)

ಪಡುವಣ ಜಗುಲಿ ಎಂದ ಮೇಲೆ ಇನ್ನೇನು ಕೇಳುವುದು! ನಮ್ಮ ಮಳೆ ಬರುವುದೇ ಆ ಕಡೆಯಿಂದ. ಸೂರಿನ ನೀರು ತಾಗದಿದ್ದರೂ ಇರಚಲು ಬಂದೇ ಬರುತ್ತದೆ. ಎಚೆವೇರಿಯಾದ ನಡುವೆ, ಎಲೆಗಳು ಕೂಡುವಲ್ಲಿ ನೀರು ನಿಂತರೆ ಅಲ್ಲಿಂದಲೂ ಕೊಳೆಯುತ್ತದೆ. ಮೂಡಣ ಕಿಟಕಿಗೆ ಬದಲಾಯಿಸಿ. ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ.

ಕಾಳುಮೆಣಸು (ನಾಪೋಕ್ಲು)

ದಿಕ್ಕಿನ ಮಾತು ಸರಿ. ತಳಕ್ಕೆ ಜಲ್ಲಿ ಹಾಕುವ ವಿಚಾರ ಮಾತ್ರ ಒಪ್ಪಲಾರೆ. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೇ ಮಣ್ಣಿನಲ್ಲಿ ನಿಂತುಬಿಡುತ್ತದೆ. ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂದಂತಾಯಿತು. ಜಲ್ಲಿ ಬೇಕು, ಆದರೆ ತಳದಲ್ಲಲ್ಲ, ಇಡೀ ಮಣ್ಣಿನಲ್ಲಿ ಬೆರೆತಿರಬೇಕು.

ಆ ನಾರು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಹುಡಿ. ನರ್ಸರಿಯವರಿಗೆ ಹಗುರ, ಸಾಗಿಸಲು ಅನುಕೂಲ. ನಮ್ಮ ಮಳೆಗಾಲಕ್ಕೆ ಅದು ಸ್ಪಂಜು. ಪಿಂಗಾಣಿಯೊಳಗೆ ಇಣುಕಿ ನೋಡಿ, ತಳದಲ್ಲಿ ನೀರು ನಿಂತಿರಲೇಬೇಕು.

ಇವತ್ತೇ ಗಿಡವನ್ನು ಹೊರತೆಗೆಯಿರಿ. ಬೇರಿನ ಸುತ್ತ ಸಣ್ಣ ಬಲೆಯ ಚೀಲ ಇದ್ದರೆ ಕತ್ತರಿಸಿ ತೆಗೆಯಿರಿ. ಒದ್ದೆ ನಾರನ್ನೆಲ್ಲ ಉದುರಿಸಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಗಿಡ ಬದುಕುತ್ತದೆ, ಕಪ್ಪಾಗಿ ಎಳೆದರೆ ಸಿಪ್ಪೆ ಜಾರುವಂತಿದ್ದರೆ ಆ ಬೇರು ಸತ್ತಿದೆ. ಕಾಂಡವೂ ಕಪ್ಪಾಗಿದ್ದರೆ ಮೇಲಿನ ಹೂವಿನಂಥ ಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕತ್ತರಿಸಿ. ಕತ್ತರಿಸಿದ ಮುಖವನ್ನು ಬೆಳಕಿನಲ್ಲಿ ಹಿಡಿದು ನೋಡಿ. ನಡುವೆ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ, ಪೂರ್ತಿ ತಿಳಿಹಸಿರು ಬರುವವರೆಗೆ. ಇಲ್ಲಿ ಕನಿಕರ ತೋರಿಸಿದರೆ ಉಳಿದದ್ದೂ ಹೋಗುತ್ತದೆ. ಒಮ್ಮೆ ಕೊಳೆತ ಕಾಂಡವನ್ನು ಗಟ್ಟಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ಕತ್ತರಿಸಿದ ತುಂಡನ್ನು ಮಣ್ಣಿಗೆ ಊರಬೇಡಿ. ಒಳಗೆ, ಫ್ಯಾನಿನ ಗಾಳಿ ಆಡುವಲ್ಲಿ ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ ಗಾಯ ಒಣಗುತ್ತದೆ, ಈಗ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಗಾಯದ ಮೇಲೆ ಒಣ ಪೊರೆ ಬಂದ ಮೇಲಷ್ಟೇ ಮುಂದಿನ ಮಾತು. ಬಿದ್ದ ಎಲೆಗಳಲ್ಲಿ ಬುಡ ಗಟ್ಟಿಯಾಗಿರುವುದು ಸಿಕ್ಕಿದರೆ ಎತ್ತಿಡಿ, ಮರಿ ಬರಬಹುದು. ಮೆತ್ತಗಾದದ್ದನ್ನು ಎಸೆಯಿರಿ.

ಗಡಿಊರು (ಕುಶಾಲನಗರ)

ಇಷ್ಟೆಲ್ಲ ಉಪಚಾರ ಏಕೆ? ನಮ್ಮ ಮನೆಯಲ್ಲಿ ಎಚೆವೇರಿಯಾ ವರ್ಷವಿಡೀ ಅಂಗಳದಲ್ಲೇ ಇರುತ್ತದೆ, ಮಳೆಯಲ್ಲೇ ನೆನೆಯುತ್ತದೆ.

ಮಂಜಿನೂರು (ಮಡಿಕೇರಿ)

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುತ್ತದೆ. ಮೂವತ್ತು ಕಿಲೋಮೀಟರ್ ಇಳಿದು ನಿಮ್ಮೂರಿಗೆ ಬಂದರೆ ಅದರ ಅರ್ಧವೂ ಇಲ್ಲ. ನಿಮ್ಮ ಅಂಗಳದ ಲೆಕ್ಕ ನಮಗೆ ಹೇಳಬೇಡಿ!

ಹಸಿರುಕಿಟಕಿ (ವಿರಾಜಪೇಟೆ)

ಪಿಂಗಾಣಿಯೊಳಗೆ ಎರಡು ಬೆರಳು ನೀರು ನಿಂತಿತ್ತು. ಎಚೆವೇರಿಯಾದ ಬೇರೆಲ್ಲ ಕಪ್ಪು. ಮೂರು ಸಲ ಕತ್ತರಿಸಿದ ಮೇಲೆ ಹಸಿರು ಸಿಕ್ಕಿತು, ಈಗ ಲೋಟದ ಮೇಲೆ ಕೂತಿದೆ. ಜೇಡ್‌ನ ಬೇರು ಬಿಳಿಯಾಗಿದೆ. ಮಣ್ಣಿಗೆ ಏನೇನು ಬೆರೆಸಲಿ? ಮಣ್ಣು ಸಡಿಲವಾಗಿಡಲು ಬೆರೆಸುವ ಹಗುರ ಬಿಳಿ ಹರಳು, ಪರ್ಲೈಟ್, ಇಲ್ಲಿ ಸಿಗುತ್ತಿಲ್ಲ.

ಕಾಳುಮೆಣಸು (ನಾಪೋಕ್ಲು)

ಪರ್ಲೈಟ್ ಇಲ್ಲದಿದ್ದರೆ ಪ್ರಪಂಚ ಮುಳುಗುವುದಿಲ್ಲ. ಇಟ್ಟಿಗೆ ಚೂರು, ಇದ್ದಿಲ ಚೂರು ಕಡಲೆ ಗಾತ್ರಕ್ಕೆ ಒಡೆದು ಜರಡಿ ಹಿಡಿಯಿರಿ, ಹುಡಿ ಬೇಡ. ಜೊತೆಗೆ ದಪ್ಪ ಮರಳು. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ಕೆಸರು ಹೋಗುವವರೆಗೆ ತೊಳೆಯಲೇಬೇಕು, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಇವೆಲ್ಲ ಸೇರಿ ಮುಕ್ಕಾಲು ಪಾಲು, ಮಣ್ಣು ಕಾಲು ಪಾಲು. ತೋಟದ ಕೆಮ್ಮಣ್ಣನ್ನೇ ತುಂಬಿಸಬೇಡಿ, ಅದು ಅಂಟು. ತಳದಲ್ಲಿ ತೂತಿರುವ, ಬಣ್ಣ ಬಳಿಯದ ಮಣ್ಣಿನ ಕುಂಡ ತೆಗೆದುಕೊಳ್ಳಿ, ಗೋಡೆಯಿಂದಲೂ ನೀರು ಆರುತ್ತದೆ. ಜೇಡ್ ಅನ್ನು ಇದಕ್ಕೆ ಈಗಲೇ ಬದಲಾಯಿಸಿ, ಸದ್ಯಕ್ಕೆ ನೀರು ಬೇಡ.

ಹಸಿರುಕಿಟಕಿ (ವಿರಾಜಪೇಟೆ)

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿಯಿತು, ಮಳೆಯೂ ಸ್ವಲ್ಪ ಬಿಡುವು ಕೊಟ್ಟಿದೆ. ಎಚೆವೇರಿಯಾದ ಗಾಯ ಒಣಗಿ ದಾರದಂಥ ಗುಲಾಬಿ ಬೇರುಗಳು ಬಂದಿವೆ. ಹೊಸ ಮಿಶ್ರಣದ ಮೇಲೆ ಇಟ್ಟಿದ್ದೇನೆ. ಜೇಡ್ ಚಿಗುರಿದೆ. ಆದರೆ ಒಳಗಿಟ್ಟದ್ದರಿಂದಲೋ ಏನೋ ಎಚೆವೇರಿಯಾ ಕಿಟಕಿಯತ್ತ ಕತ್ತು ಚಾಚುತ್ತಿದೆ. ಬಿಸಿಲಿಗಿಡಲೇ? ನೀರು ಯಾವಾಗ?

ಕಾಳುಮೆಣಸು (ನಾಪೋಕ್ಲು)

ಕತ್ತು ಚಾಚುವುದು ಬೆಳಕು ಸಾಲದ್ದಕ್ಕೆ. ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ, ಇನ್ನು ಮುಂದೆ ಬರುವ ಎಲೆಗಳು ಒತ್ತಾಗಿ ಬರುತ್ತವೆ. ಒಮ್ಮೆಲೇ ಬಿಸಿಲಿಗೆ ಇಡಬೇಡಿ. ಮಳೆಗಾಲದ ಮಬ್ಬಿನಲ್ಲಿ ಬೆಳೆದ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಮೊದಲು ಬೆಳಗಿನ ಎಳೆಬಿಸಿಲು ಒಂದು ಗಂಟೆ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಪುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಒಣ ಹವೆ, ಹಗಲು ಬಿಸಿಲು, ರಾತ್ರಿ ಚಳಿ. ಎಲೆಯಂಚು ಕೆಂಪಾಗುವುದು ಆಗಲೇ. ಬೆಂಗಳೂರಿನವರು ಹೊಟ್ಟೆಕಿಚ್ಚು ಪಡುವ ಬಣ್ಣ ನಮ್ಮಲ್ಲಿ ಪುಕ್ಕಟೆ.

ನೀರಿಗೆ ವಾರದ ಲೆಕ್ಕ ಇಡಬೇಡಿ. ಅಗರಬತ್ತಿಯ ಕಡ್ಡಿಯನ್ನು ತಳದವರೆಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ಕಡ್ಡಿ ಒಣಗಿದ್ದು, ಕೆಳಗಿನ ಎಲೆ ತುಸು ಸುಕ್ಕುಗಟ್ಟಿ ಬಾಗುವಂತಿದ್ದರೆ ಬೆಳಿಗ್ಗೆ ಬುಡಕ್ಕೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ಹಾಕಿ. ಕಡ್ಡಿಗೆ ಮಣ್ಣು ಅಂಟಿಬಂದರೆ ಆ ದಿನ ಬೇಡ. ಇನ್ನೊಂದು ಗಿಡ ತರುವ ಮನಸ್ಸಿದ್ದರೆ ಹಾವೊರ್ಥಿಯಾದ ಜಾತಿಯದ್ದನ್ನೇ ತನ್ನಿ, ಕಡಿಮೆ ಬೆಳಕಿಗೂ ಒಗ್ಗುತ್ತದೆ. ಎರಡನೇ ಎಚೆವೇರಿಯಾವನ್ನು ಮಳೆಗಾಲ ಪೂರ್ತಿ ಹೋದ ಮೇಲೆ ನೋಡೋಣ.