ಬೀದಿಯ ಚಳವಳಿಗೆ ಬೈಬಲ್ ವಚನ: ಎಲ್ಲಿ ಸಲ್ಲುತ್ತೆ, ಎಲ್ಲಿ ಸಲ್ಲಲ್ಲ?

ಬೆರೋಯದ ಓದುಗ (ಪ್ರಶ್ನೆ)

ಯೌವನಸ್ಥರ ಕೂಟಕ್ಕೆ ಎರಡು ಭಾನುವಾರದ ಅಧ್ಯಯನ ಸಿದ್ಧಪಡಿಸಬೇಕು. ವಿಷಯ: ಈಗಿನ ಪ್ರತಿಭಟನೆಗಳನ್ನು ಸತ್ಯವೇದದ ಬೆಳಕಿನಲ್ಲಿ ನೋಡುವುದು. ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ವಾದಗಳು ಹೆಚ್ಚುಕಡಿಮೆ ನಾಲ್ಕು.

ಮತ್ತಾಯ 24:7ರಲ್ಲಿ ಜನಕ್ಕೆ ವಿರೋಧವಾಗಿ ಜನ ಏಳುತ್ತದೆ ಅಂತಿದೆಯಲ್ಲ, ಅಲ್ಲಿ ಗ್ರೀಕ್ ಮಾತು ‘ಎಥ್ನೋಸ್’, ಅಂದರೆ ಜನಾಂಗ. ಹಾಗಾಗಿ 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಎದ್ದ ಚಳವಳಿಯೇ ಅದರ ನೆರವೇರಿಕೆ ಅನ್ನುತ್ತಾರೆ. ಯೆಶಾಯ 19:2ರಲ್ಲಿ ಐಗುಪ್ತರು ಐಗುಪ್ತರ ಮೇಲೆ ಬೀಳುವುದು 2011ರಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ನಡೆದ ಪ್ರತಿಭಟನೆಯಂತೆ. ಮೂರನೆಯದು ರೋಮಾ 13:1, ಅಧಿಕಾರಿಗಳಿಗೆ ಅಧೀನರಾಗಿರಿ ಅಂತಿದೆ, ಹಾಗಾಗಿ ಸರ್ಕಾರದ ವಿರುದ್ಧ ಬೀದಿಗಿಳಿಯುವುದೇ ಪಾಪ. ಅದಕ್ಕೆ ಉಲ್ಟಾ ಆಮೋಸ 5:24, ನ್ಯಾಯ ನೀರಿನಂತೆ ಹರಿಯಲಿ ಅಂತಿದೆ, ಹಾಗಾಗಿ ಹೋರಾಟ ಅಂದಮೇಲೆ ಎಲ್ಲವೂ ದೇವರದೇ. ಇವನ್ನು ಒರೆಗೆ ಹಚ್ಚುವುದು ಹೇಗೆ?

ಗ್ರೀಕ್ ಮೇಷ್ಟ್ರು

ಮೊದಲನೆಯದನ್ನು ಮೊದಲು ಮುಗಿಸೋಣ. ‘ಎಥ್ನೋಸ್’ಗೆ ಚರ್ಮದ ಬಣ್ಣದ ಅರ್ಥ ಆ ಕಾಲದಲ್ಲಿಲ್ಲ. ಲೂಕ 7:5ರಲ್ಲಿ ಯೆಹೂದ್ಯರನ್ನೂ ಅದೇ ಮಾತಿನಿಂದ ಕರೆದಿದೆ. ಮತ್ತಾಯ 24:7ರಲ್ಲಿ ಅದರ ಬೆನ್ನಿಗೇ ‘ರಾಜ್ಯಕ್ಕೆ ವಿರೋಧವಾಗಿ ರಾಜ್ಯ’ ಅಂತ ಬರುತ್ತದೆ, ಅಂದರೆ ಮಾತು ಯುದ್ಧದ್ದು. ಯೇಸುವಿನ ಕೇಳುಗರಿಗೆ ಈ ಧಾಟಿ ಹೊಸದೂ ಅಲ್ಲ. 2 ಪೂರ್ವಕಾಲವೃತ್ತಾಂತ 15:6ರಲ್ಲಿ ಜನ ಜನದಿಂದ, ಪಟ್ಟಣ ಪಟ್ಟಣದಿಂದ ನುಚ್ಚುನೂರಾದದ್ದನ್ನು ಹೇಳಿದೆ.

ಬೀದಿ ಗಲಭೆಗೆ ನಿಜಕ್ಕೂ ಹತ್ತಿರದ ಪದ ಬೇಕಾದರೆ ಲೂಕ 21:9 ತೆಗೆಯಿರಿ. ಅಲ್ಲಿ ಯುದ್ಧಗಳ ಜೊತೆಗೆ ‘ಅಕಟಸ್ಟಾಸಿಯಾ’ ಇದೆ: ಗಲಿಬಿಲಿ, ದಂಗೆ, ನೆಲೆ ತಪ್ಪಿದ ಸ್ಥಿತಿ. ತಮಾಷೆ ಅಂದರೆ, ಅದೇ ವಚನ ‘ಹೆದರಬೇಡಿ, ಕೂಡಲೇ ಅಂತ್ಯ ಬರುವುದಿಲ್ಲ’ ಅಂತ ಮುಗಿಯುತ್ತದೆ. ಅಂತ್ಯದ ಗುರುತು ಅಂತ ಇದನ್ನು ಫಾರ್ವರ್ಡ್ ಮಾಡುವವರಿಗೆ ವಚನವೇ ಅಡ್ಡ ಬರುತ್ತದೆ.

ತೆಕೋವದ ಕುರುಬ

ಆಮೋಸನ ವಿಷಯ ನನಗಿರಲಿ. ಬಹಳ ಜನ 5:24 ಓದುತ್ತಾರೆ, 5:21ರಿಂದ ಶುರು ಮಾಡುವುದಿಲ್ಲ. ಅಲ್ಲಿ ದೇವರು ಬೈಯುತ್ತಿರುವುದು ಅರಮನೆಯನ್ನಲ್ಲ, ಆರಾಧನೆಯನ್ನು: ನಿಮ್ಮ ಹಬ್ಬ ನನಗೆ ಅಸಹ್ಯ, ನಿಮ್ಮ ಹಾಡಿನ ಗದ್ದಲ ತೊಲಗಿಸಿ. ನ್ಯಾಯ ನೀರಿನಂತೆ ಹರಿಯಲಿ ಅನ್ನುವುದು ಅದಾದ ಮೇಲೆ. ವಚನವನ್ನು ಫಲಕದ ಮೇಲೆ ಬರೆದು ಎದುರಿನವರಿಗೆ ತೋರಿಸುವ ಮೊದಲು ಅದು ನಮ್ಮದೇ ಚರ್ಚಿನ ಹಾಡುಗಾರರ (ಕ್ವಾಯರ್) ಕಡೆ ತಿರುಗಿದೆ ಅನ್ನುವುದು ಗೊತ್ತಿರಬೇಕು.

ಆ ನೀರಿನ ಹೋಲಿಕೆಯನ್ನೂ ಗಮನಿಸಿ. ಹೀಬ್ರೂವಿನಲ್ಲಿ ‘ನಹಲ್ ಏತಾನ್’. ನಹಲ್ ಅಂದರೆ ಮಳೆ ಬಂದಾಗ ತುಂಬಿ ಬೇಸಿಗೆಗೆ ಬತ್ತುವ ಹಳ್ಳ. ಏತಾನ್ ಅಂದರೆ ಬತ್ತದ್ದು. ಒಂದು ದಿನ ಉಕ್ಕಿ ಮರುದಿನ ಕಲ್ಲು ಕಾಣುವ ಹಳ್ಳ ಬೇಡ, ವರ್ಷಪೂರ್ತಿ ಹರಿಯುವುದು ಬೇಕು ಅನ್ನುತ್ತಿದ್ದಾನೆ.

ಅನ್ಯಾಯ ಯಾವುದು ಅಂತಲೂ ಆಮೋಸ ತೇಲಿಸಿ ಹೇಳುವುದಿಲ್ಲ. 5:11ರಲ್ಲಿ ಬಡವನಿಂದ ವಸೂಲಾದ ದವಸ, 5:12ರಲ್ಲಿ ಊರಬಾಗಿಲಲ್ಲಿ ನಡೆಯುವ ಪಂಚಾಯಿತಿಯ ಲಂಚ. 8:5ರಲ್ಲಿ ಅಳತೆಯ ಏಫವನ್ನು ಕಿರಿದು ಮಾಡಿ, ತೂಕದ ಶೆಕೆಲನ್ನು ಹಿರಿದು ಮಾಡಿ, ತಕ್ಕಡಿಯಲ್ಲಿ ಮೋಸ. ಏಫ ಸುಮಾರು 22 ಲೀಟರಿನ ಕೊಳಗ. ಕೊಳಗ ಚಿಕ್ಕದಾದರೆ ಕೊಳ್ಳುವವನಿಗೆ ಕಾಳು ಕಡಿಮೆ. ತೂಕದ ಕಲ್ಲು ದೊಡ್ಡದಾದರೆ ಅವನು ಕೊಡುವ ಬೆಳ್ಳಿ ಜಾಸ್ತಿ. ಎರಡೂ ಕಡೆ ಅವನಿಗೇ ಪೆಟ್ಟು. ಇಂದಿನ ಯಾವುದೇ ಚಳವಳಿಗೆ ಆಮೋಸನನ್ನು ಕರೆಯುವ ಮೊದಲು ಕೇಳಬೇಕಾದ್ದು ಇದೇ: ಇಲ್ಲಿ ಕೊಳಗ ಯಾವುದು, ಅದು ಯಾರ ಕೈಯಲ್ಲಿದೆ? ಉತ್ತರ ಸಿಗದಿದ್ದರೆ ವಚನ ಬರೀ ಅಲಂಕಾರ.

ಮಾರ್ಟಿನ್ ಲೂಥರ್ ಕಿಂಗ್ ಮಾಡಿದ್ದು ನೋಡಿ. 1963ರ ಆಗಸ್ಟ್ 28ರ ವಾಷಿಂಗ್ಟನ್ ಭಾಷಣದಲ್ಲಿ ಆಮೋಸ 5:24ನ್ನೂ ಯೆಶಾಯ 40:4ನ್ನೂ ತಂದರು. ಆದರೆ ಈ ಮೆರವಣಿಗೆಯನ್ನೇ ಆಮೋಸ ಮುಂಚೆಯೇ ನುಡಿದಿದ್ದ ಅನ್ನಲಿಲ್ಲ. ಆಮೋಸ ಅವರಿಗೆ ಅಳತೆಗೋಲು. ಅದೇ ವರ್ಷ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಮಣಿಯದ ಶದ್ರಕ್, ಮೇಶಕ್, ಅಬೇದ್‌ನೆಗೋ ಬರುತ್ತಾರೆ, ದಾನಿಯೇಲ 3. 1968ರ ಏಪ್ರಿಲ್ 3ರಂದು ಮೆಂಫಿಸ್‌ನಲ್ಲಿ ಕಸ ಸಾಗಿಸುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಮಾತಾಡಿದಾಗ ಬೆಟ್ಟದ ತುದಿಯಿಂದ ವಾಗ್ದತ್ತ ದೇಶ ನೋಡಿದ ಮೋಶೆ, ಧರ್ಮೋಪದೇಶಕಾಂಡ 34. ಹೋಲಿಕೆ ಬೇರೆ, ನೆರವೇರಿಕೆ ಬೇರೆ. ಈ ಎರಡನ್ನು ಕಲಸಿದಲ್ಲೇ ಮುಕ್ಕಾಲು ಪಾಲು ಎಡವಟ್ಟು.

ಕೊನೇ ದಿನಗಳು

ಕುರುಬರೇ, ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಪೇತ್ರನೇ ಅಪೊಸ್ತಲರ ಕೃತ್ಯಗಳು 2:16ರಲ್ಲಿ, ಎದುರಿಗೆ ನಡೆಯುತ್ತಿದ್ದದ್ದನ್ನು ತೋರಿಸಿ, ಯೋವೇಲನು ಹೇಳಿದ್ದು ಇದೇ ಅಂದ. ಒಂದು ಪ್ರವಾದನೆಗೆ ಹತ್ತಿರದ್ದೊಂದು, ದೂರದ್ದೊಂದು ನೆರವೇರಿಕೆ ಇರಬಾರದೇ? ಯೆಶಾಯ 19ನ್ನು ಇವತ್ತಿನ ಐಗುಪ್ತಕ್ಕೆ ಓದುವುದನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ.

ತೆಕೋವದ ಕುರುಬ

ಎರಡು ನೆರವೇರಿಕೆ ಇರಬಾರದು ಅಂತ ನನ್ನ ವಾದವಲ್ಲ ಬ್ರದರ್. ಎರಡನೆಯದನ್ನು ಗುರುತಿಸುವುದು ಹೇಗೆ ಅನ್ನುವುದು ಪ್ರಶ್ನೆ. ಯೆಶಾಯ 19ರ ಹತ್ತಿರದ ಹಿನ್ನೆಲೆ ಸ್ಪಷ್ಟವಿದೆ. ಕ್ರಿ.ಪೂ. 8ನೇ ಶತಮಾನದಲ್ಲಿ ನೈಲ್ ಮುಖಜಭೂಮಿ ಹಲವು ಪಾಳೆಯಗಾರರಲ್ಲಿ ಹಂಚಿಹೋಗಿತ್ತು, ಕೂಷಿನ (ಇಂದಿನ ಸುಡಾನ್ ಕಡೆಯ) ಅರಸ ಪಿಯೆ ದಕ್ಷಿಣದಿಂದ ದಂಡೆತ್ತಿ ಬಂದ. ಕ್ರಿ.ಪೂ. 671ರಲ್ಲಿ ಅಶ್ಶೂರದ ಏಸರ್‌ಹದ್ದೋನ್ ಮೆಂಫಿಸ್ ಹಿಡಿದ (ಇದು ಐಗುಪ್ತದ ಮೆಂಫಿಸ್, ಕಿಂಗ್ ಅವರದ್ದಲ್ಲ). ಸೆಪ್ಟುವಜಿಂಟ್, ಅಂದರೆ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದ ಮಾಡಿದವರು 19:2ರ ‘ರಾಜ್ಯಕ್ಕೆ ರಾಜ್ಯ’ ಅನ್ನುವಲ್ಲಿ ‘ನೊಮೋಸ್’ ಅಂತ ಹಾಕಿದ್ದಾರೆ, ಅದು ಐಗುಪ್ತದ ಜಿಲ್ಲೆಗಳ ಹೆಸರು. ಅವರಿಗೂ ಇದು ಒಳಜಗಳವಾಗಿಯೇ ಕಂಡಿತ್ತು.

ಈಗ ಹೆಸರು ಬದಲಿಸಿ ನೋಡಿ. 19:4ರ ‘ಕ್ರೂರ ಒಡೆಯ’ ಯಾರು? 2011ರ ಫೆಬ್ರವರಿ 11ರಂದು ಇಳಿದ ಮುಬಾರಕ್? 2012ರಲ್ಲಿ ಗೆದ್ದ ಮೊರ್ಸಿ? 2013ರ ಜುಲೈನಲ್ಲಿ ಅವರನ್ನು ಕೆಳಗಿಳಿಸಿದ ಸಿಸಿ? ಮೂವರಲ್ಲಿ ಯಾರನ್ನು ಕೂರಿಸಿದರೂ ವಾದ ಅಷ್ಟೇ ಗಟ್ಟಿ ಅನ್ನಿಸಿದರೆ, ವಚನ ಯಾರನ್ನೂ ಗುರುತಿಸಿಲ್ಲ ಅಂತಲೇ ಅರ್ಥ. 19:5ರಲ್ಲಿ ನೈಲ್ ಬತ್ತುವುದನ್ನು ಇಥಿಯೋಪಿಯಾದ ಅಣೆಕಟ್ಟಿಗೆ ಹೊಂದಿಸುವವರಿಗೂ ಇದೇ ಪರೀಕ್ಷೆ.

ಹಾಗೆಯೇ ಅಧ್ಯಾಯ ಪೂರ್ತಿ ಓದಿ. 19:25ರಲ್ಲಿ ದೇವರು ಐಗುಪ್ತವನ್ನು ‘ನನ್ನ ಪ್ರಜೆ’ ಅಂತ ಆಶೀರ್ವದಿಸುತ್ತಾನೆ. 2ನೇ ವಚನ ಹಂಚುವವರು 25ನ್ನು ಹಂಚಿದ್ದು ಕಾಣೆ.

ಯೋವೇಲನ ವಿಷಯಕ್ಕೆ ಬಂದರೆ, ಪೇತ್ರ ತೋರಿಸಿದ್ದು ಆತ್ಮ ಸುರಿದದ್ದನ್ನು, ದಂಗೆಯನ್ನಲ್ಲ. ಆ ಧೈರ್ಯ ಎಲ್ಲರಿಗೂ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಪ್ರಸಂಗಿ ಥಾಮಸ್ ಮುಂಟ್ಜರ್ ಇದ್ದಾನೆ. 1524ರ ಜುಲೈನಲ್ಲಿ ಆಲ್‌ಸ್ಟೆಟ್ ಕೋಟೆಯಲ್ಲಿ ಅರಸರ ಎದುರು ದಾನಿಯೇಲ 2ರ ಮೇಲೆ ಪ್ರಸಂಗ ಮಾಡಿ, ಅಲ್ಲಿ ಅರಸನ ಕನಸಿನ ಪ್ರತಿಮೆಯನ್ನು ಪುಡಿಮಾಡುವ ಕಲ್ಲು ಉರುಳುತ್ತಿದೆ ಅಂದ. ಮರುವರ್ಷ ಮೇ 15ರಂದು ಫ್ರಾಂಕನ್‌ಹೌಸನ್‌ನಲ್ಲಿ ಅವನನ್ನು ನಂಬಿ ನಿಂತ ಸಾವಿರಾರು ರೈತರನ್ನು ಅರಸರ ಸೈನ್ಯ ಕೊಚ್ಚಿಹಾಕಿತು. ರೈತರ ಬೇಡಿಕೆಗಳು ನ್ಯಾಯವಾಗಿಯೇ ಇದ್ದವು. ಗೆಲುವು ಬರೆದಿಟ್ಟಿದೆ ಅಂದುಕೊಂಡದ್ದು ಮುಳುವಾಯಿತು.

ಫಿಲಿಪ್ಪಿಯ ಸೆರೆಮನೆ

ರೋಮಾ 13 ಉಳಿದಿದೆ. ಅಧ್ಯಾಯಗಳ ಗೆರೆ ಪೌಲ ಎಳೆದದ್ದಲ್ಲ, ಅದು 13ನೇ ಶತಮಾನದ್ದು. ಹಾಗಾಗಿ 12:14ರಿಂದ 13:10ರವರೆಗೆ ಒಂದೇ ಉಸಿರಿಗೆ ಓದಿ. ಹಿಂಸಿಸುವವರನ್ನು ಆಶೀರ್ವದಿಸಿ ಅಂತ ಶುರುವಾಗಿ, ಪ್ರೀತಿಯಲ್ಲದೆ ಬೇರೆ ಸಾಲ ಇಟ್ಟುಕೊಳ್ಳಬೇಡಿ ಅನ್ನುವಲ್ಲಿಗೆ ಬರುತ್ತದೆ. ನಡುವೆ 13:6-7ರಲ್ಲಿ ಕಾಣುವ ನಿರ್ದಿಷ್ಟ ವಿಷಯ ತೆರಿಗೆ. ಪತ್ರದ ಕಾಲ ಸುಮಾರು ಕ್ರಿ.ಶ. 57, ಮರುವರ್ಷ ತೆರಿಗೆ ವಸೂಲಿಯವರ ಮೇಲೆ ಜನರ ದೂರು ರೋಮ್ ಚಕ್ರವರ್ತಿ ನೀರೋವರೆಗೂ ಹೋಗಿತ್ತು ಅಂತ ಇತಿಹಾಸಕಾರ ಟಾಸಿಟಸ್ ದಾಖಲಿಸಿದ್ದಾನೆ.

ಬರೆದ ಪೌಲನೇ ಹೇಗೆ ನಡೆದುಕೊಂಡ? ಅಪೊಸ್ತಲರ ಕೃತ್ಯಗಳು 16:37. ವಿಚಾರಣೆಯಿಲ್ಲದೆ ಹೊಡೆಸಿ, ಬೆಳಗ್ಗೆ ಗುಟ್ಟಾಗಿ ಬಿಟ್ಟುಕಳಿಸಲು ನೋಡಿದಾಗ, ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಅಂತ ಕೂತುಬಿಟ್ಟ. ಇಂಥ ಜಾಗದಲ್ಲಿ ‘ಅಧೀನರಾಗಿರಿ’ ಅನ್ನುವುದರ ಅರ್ಥ ಬಾಯಿ ಮುಚ್ಚಿಕೊಂಡಿರಿ ಅಂತಲ್ಲ.

2018ರ ಜೂನ್‌ನಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ಗಡಿಯಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುತ್ತಿದ್ದ ವಲಸೆ ನೀತಿಯ ಸಮರ್ಥನೆಗೆ ಇದೇ ಅಧ್ಯಾಯ ಎತ್ತಿದರು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲೂ ಇದೇ ಆಗಿತ್ತು. ಅಲ್ಲಿನ ದೇವತಾಶಾಸ್ತ್ರಜ್ಞರು 1985ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ‘ಕೈರೋಸ್’ ಹೇಳಿಕೆ ಇದಕ್ಕೆ ‘ರಾಜ್ಯದ ದೇವತಾಶಾಸ್ತ್ರ’ ಅಂತ ಹೆಸರಿಟ್ಟು, ದೇವರ ಸೇವಕನಾಗಬೇಕಾದ ರಾಜ್ಯ ಆ ಕರೆ ಬಿಟ್ಟಾಗ ಏನಾಗುತ್ತದೆ ಅನ್ನುವುದಕ್ಕೆ ಪ್ರಕಟನೆ 13 (ಮೃಗದ ಅಧ್ಯಾಯ) ಓದಿ ಅಂದಿತು.

ಬೆರೋಯದ ಓದುಗ

ಬಹಳ ಉಪಕಾರವಾಯಿತು. ಎರಡನೇ ವಾರಕ್ಕೆ ಅಮೆರಿಕ ಬಿಟ್ಟು ಬೇರೆ ಉದಾಹರಣೆ ಇದೆಯೇ? ನಮ್ಮ ಕಡೆಯದೂ ಇದ್ದರೆ ಒಳ್ಳೆಯದು.

ಗ್ರೀಕ್ ಮೇಷ್ಟ್ರು

ನಮ್ಮ ಕಡೆಯದು: ದೇವತಾಶಾಸ್ತ್ರಜ್ಞ ಅರವಿಂದ ನಿರ್ಮಲ್. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾತಾಡಿದರು, ದಲಿತ ದೇವತಾಶಾಸ್ತ್ರಕ್ಕೆ ದಾರಿ ಮಾಡಿದ ಮಾತು ಅದು. ಅವರು ಆಧಾರವಾಗಿ ಹಿಡಿದದ್ದು ಧರ್ಮೋಪದೇಶಕಾಂಡ 26:5-9, ನನ್ನ ಮೂಲಪುರುಷ ಅಲೆದಾಡುವ ಅರಾಮ್ಯ ಅಂತ ಶುರುವಾಗುವ ಅರಿಕೆ. ಅಲ್ಲಿಯೂ ಭವಿಷ್ಯವಾಣಿ ಇಲ್ಲ, ನೆನಪು ಇದೆ.

ಹೊರಗಿನದು: ಪೂರ್ವ ಜರ್ಮನಿಯ ಲೈಪ್‌ಜಿಗ್. ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಸೋಮವಾರದ ಶಾಂತಿ ಪ್ರಾರ್ಥನೆ; 1989ರ ಅಕ್ಟೋಬರ್ 9ರಂದು ಸುಮಾರು 70,000 ಜನ ಬೀದಿಯಲ್ಲಿದ್ದರು, ಗುಂಡು ಹಾರಲಿಲ್ಲ. ಆ ದೇಶದ ಶಾಂತಿ ಚಳವಳಿಯ ಗುರುತು ಮೀಕ 4:3, ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಬಡಿಯುವುದು. ಕಾಗದದ ಮೇಲೆ ಅಚ್ಚು ಹಾಕಲು ಸರ್ಕಾರದ ಅನುಮತಿ ಬೇಕಿತ್ತು, ಬಟ್ಟೆಗೆ ಬೇಕಿರಲಿಲ್ಲ. ಬಟ್ಟೆಯ ಮೇಲೇ ಅಚ್ಚು ಹಾಕಿ, ಕತ್ತರಿಸಿ ತೋಳಿಗೆ ಹೊಲಿದುಕೊಂಡರು. ಚಿತ್ರವೂ ಸೋವಿಯತ್ ಒಕ್ಕೂಟವೇ 1959ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ಪ್ರತಿಮೆಯದು. ನಿಷೇಧಿಸಲು ಹೋದ ಸರ್ಕಾರಕ್ಕೆ ನುಂಗಲೂ ಆಗದ, ಉಗುಳಲೂ ಆಗದ ಸ್ಥಿತಿ.

ಮೀಕ 4:3ರ ಪಕ್ಕದಲ್ಲಿ ಯೋವೇಲ 3:10 ಇಡಿ, ಅಲ್ಲಿ ನೇಗಿಲ ಗುಳವನ್ನೇ ಕತ್ತಿಯಾಗಿ ಬಡಿಯಿರಿ ಅಂತಿದೆ. ಮೀಕನಲ್ಲಿ ಜನಾಂಗಗಳು ಉಪದೇಶ ಕೇಳಲು ಬೆಟ್ಟ ಹತ್ತುತ್ತವೆ. ಯೋವೇಲನಲ್ಲಿ ನ್ಯಾಯತೀರ್ಪಿಗೆ ಕಣಿವೆಗೆ ಇಳಿಯುತ್ತವೆ. ಎರಡೂ ವಚನ ಬೋರ್ಡಿನ ಮೇಲೆ ಬರೆದು, ಉಲ್ಲೇಖ ಬರೆಯದೆ, ಯಾರಿಗೆ ಯಾವಾಗ ಹೇಳಿದ್ದು ಅಂತ ಮಕ್ಕಳೇ ಹುಡುಕಲಿ. ಅರ್ಧ ಗಂಟೆ ಬೇಕಾಗುತ್ತದೆ.