ಸಹಾಯ ಬೇಕು: ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಸಿ++ಗೆ ಜಾವಾ ಫೀಲ್ಡ್ ಸಿಗುತ್ತಿಲ್ಲ

ನಮಸ್ಕಾರ. ಆಂಡ್ರಾಯ್ಡ್ ಆ್ಯಪ್ ಒಂದರಲ್ಲಿ ಜಾವಾ ಆಬ್ಜೆಕ್ಟ್‌ನ ಎರಡು ಫೀಲ್ಡ್‌ಗಳನ್ನು ಜೆಎನ್‌ಐ (ಜಾವಾ ಮತ್ತು ಸಿ++ ಕೋಡ್ ನಡುವಿನ ಸೇತುವೆ) ಮೂಲಕ ಸಿ++ನಲ್ಲಿ ಓದುತ್ತಿದ್ದೇನೆ. ಒಂದು ಇಂಟ್, ಇನ್ನೊಂದು ಲಾಂಗ್. ಸಿಗ್ನೇಚರ್ (ಫೀಲ್ಡ್‌ನ ಟೈಪ್ ತಿಳಿಸುವ ಅಕ್ಷರ) ಕ್ರಮವಾಗಿ 'ಐ' ಮತ್ತು 'ಜೆ' ಅಂತಲೇ ಕೊಟ್ಟಿದ್ದೇನೆ (ಲಾಂಗ್‌ಗೆ 'ಎಲ್' ಅಲ್ಲ, ಅದು ಕ್ಲಾಸ್ ಹೆಸರಿಗೆ ಮೀಸಲು). ಡೀಬಗ್ ಬಿಲ್ಡ್‌ನಲ್ಲಿ ತೊಂದರೆಯೇ ಇಲ್ಲ. ರಿಲೀಸ್‌ನಲ್ಲಿ ಮಾತ್ರ, ಹೆಸರಿನಿಂದ ಫೀಲ್ಡ್ ಹುಡುಕುವ ಗೆಟ್‌ಫೀಲ್ಡ್‌ಐಡಿ ನಲ್ ಕೊಡುತ್ತದೆ, ಜೊತೆಗೆ ನೋಸಚ್‌ಫೀಲ್ಡ್‌ಎರರ್.

ಆರ್8 (ರಿಲೀಸ್ ಬಿಲ್ಡ್‌ನಲ್ಲಿ ಕೋಡ್ ಕುಗ್ಗಿಸುವ ಟೂಲ್) ಫೀಲ್ಡ್ ಹೆಸರು ಬದಲಿಸಿರಬೇಕು, ಇಲ್ಲವೇ ಜಾವಾ ಕಡೆ ಯಾರೂ ಓದುತ್ತಿಲ್ಲ ಅಂತ ಕಿತ್ತೇ ಹಾಕಿರಬೇಕು, ಅಲ್ವಾ? ಇಡೀ ಪ್ಯಾಕೇಜ್‌ಗೆ ಕೀಪ್ ರೂಲ್ (ಇದನ್ನು ಮುಟ್ಟಬೇಡ ಅಂತ ಆರ್8ಗೆ ಹೇಳುವ ಸೂಚನೆ) ಹಾಕಿದರೆ ಸರಿಹೋಗುತ್ತದೆ. ಆದರೆ ಆ್ಯಪ್ ಸೈಜ್ ಸುಮ್ನೆ ಜಾಸ್ತಿ ಆಗುತ್ತದೆ. ಆ ಎರಡು ಫೀಲ್ಡ್‌ಗೆ ಮಾತ್ರ ಕೀಪ್ ಅನೋಟೇಶನ್ ಸಾಕಾ, ಕ್ಲಾಸ್ ಹೆಸರನ್ನೂ ಉಳಿಸಬೇಕಾ? ಕ್ಲಾಸನ್ನು ಹೆಸರಿನಿಂದ ಹುಡುಕುವ ಫೈಂಡ್‌ಕ್ಲಾಸ್‌ನಿಂದಲ್ಲ, ಆಬ್ಜೆಕ್ಟ್‌ನಿಂದಲೇ ಕ್ಲಾಸ್ ಕೊಡುವ ಗೆಟ್‌ಆಬ್ಜೆಕ್ಟ್‌ಕ್ಲಾಸ್‌ನಿಂದ ಪಡೆಯುತ್ತಿದ್ದೇನೆ.

ಗೆಟರ್ (ಫೀಲ್ಡ್‌ನ ಮೌಲ್ಯ ಕೊಡುವ ಮೆಥಡ್) ಬರೆದುಕೊಳ್ಳಿ ಅನ್ನಬೇಡಿ, ಅದರ ಹೆಸರೂ ಹೀಗೇ ಬದಲಾಗುತ್ತದೆ.